ಹೋಲ್ಡ್ ಆನ್ ಅಂದ ಇಪ್ಪತ್ತಾರು ನಿಮಿಷ

ಮೂರು ಗಂಟೆಯವರಿಗೆ ನಮಸ್ಕಾರ.

ಹೀಗೆ ಕರೆದೆನೆಂದು ನಗಬೇಡಿ. ಆಸ್ಪತ್ರೆಯ ಟೆಲಿಫೋನ್ ಕೋಣೆಯಲ್ಲಿ ನಾವು ನಿಮಗೆ ಇಟ್ಟಿದ್ದ ಹೆಸರು ಅದು. ದಿನಾ ಫೋನ್ ಮಾಡುವವರಿಗೆಲ್ಲ ನಮ್ಮಲ್ಲಿ ಒಂದೊಂದು ಹೆಸರಿತ್ತು. ಹಲೋ ಅನ್ನುವ ಮೊದಲೇ ಅಳಲು ಶುರು ಮಾಡುವ ಒಬ್ಬಾಕೆ ‘ಸೋರುವ ನಲ್ಲಿ’. ವಾರಕ್ಕೊಮ್ಮೆ ಮಾವನ ಆರೋಗ್ಯ ವಿಚಾರಿಸಿ, “ಓಹೋ, ಇನ್ನೂ ಇದಾರಾ?” ಎಂದು ಉಸಿರು ಬಿಡುತ್ತಿದ್ದ ಅಳಿಯ ‘ಉಯಿಲು’. ನೀವು ‘ಮೂರು ಗಂಟೆಯವರು’. ನಮ್ಮ ಗೋಡೆ ಗಡಿಯಾರ ನಿಂತುಹೋದ ದಿನ ನಿಮ್ಮ ಫೋನ್ ಬಂದ ಮೇಲೆ ಅದರ ಮುಳ್ಳನ್ನು ಮೂರಕ್ಕೆ ಇಟ್ಟಿದ್ದೇವೆ.

ನಾನು ಆ ಆಸ್ಪತ್ರೆಯ ಆಪರೇಟರ್. ಹದಿನಾರು ವರ್ಷದ ಹಿಂದೆ ನಿಮ್ಮಣ್ಣ ಹನ್ನೊಂದನೇ ವಾರ್ಡಿನಲ್ಲಿ ಮಲಗಿದ್ದ ಎರಡು ತಿಂಗಳು, ನಿಮ್ಮ ಫೋನನ್ನು ವಾರ್ಡಿಗೆ ಕೊಡುತ್ತಿದ್ದವಳು. ನನ್ನ ದನಿ ನಿಮಗೆ ಗೊತ್ತು, ಮುಖ ಗೊತ್ತಿಲ್ಲ. ಅವರು ಹೋದ ದಿನ ನಾನು ನಿಮಗೆ ಒಂದು ಸುಳ್ಳು ಹೇಳಿದೆ. ಅದನ್ನು ಒಪ್ಪಿಕೊಳ್ಳಲೆಂದೇ ಕೂತು ಬರೆಯುತ್ತಿದ್ದೇನೆ. ಸ್ವಲ್ಪ ಸುತ್ತು ಹಾಕಿ ಬರುತ್ತೇನೆ, ಬೇಸರಿಸಬೇಡಿ. ಕತೆ ಹೇಳುವ ಅಜ್ಜಿಯ ಪಕ್ಕದಲ್ಲಿ ಮಲಗಿ ಬೆಳೆದವಳು ನಾನು. ನಮ್ಮಜ್ಜಿ ಪಕ್ಕದ ಮನೆಗೆ ಉಪ್ಪು ಕೇಳಲು ಹೋದದ್ದನ್ನೂ ಏಳು ಬೆಟ್ಟ ಹತ್ತಿಸಿ ಇಳಿಸಿ ಹೇಳುತ್ತಿದ್ದಳು.

ಹಳ್ಳಿಯಿಂದ ಬಂದು ಆ ಕೆಲಸಕ್ಕೆ ಸೇರಿದಾಗ ನನಗೆ ಇಂಗ್ಲಿಷು ಅಷ್ಟಕ್ಕಷ್ಟೇ. ಮೊದಲ ದಿನ ಕಲಿಸಿದ್ದು ಎರಡೇ ಪದ: ಹೋಲ್ಡ್ ಆನ್. ಕಲಿಸಿದವರು ನಮ್ಮ ಹಿರಿಯ ಆಪರೇಟರ್. ಎಲ್ಲರೂ ಅವರನ್ನು ದೊಡ್ಡಮ್ಮ ಅನ್ನುತ್ತಿದ್ದರು. ದೊಡ್ಡ ಡಾಕ್ಟರರೂ ಅನ್ನುತ್ತಿದ್ದರು. ಮೆಟ್ಟಿಲ ಕೆಳಗಿನ ಕೋಣೆ ನಮ್ಮದು. ಕಿಟಕಿ ಇಲ್ಲ. ಒಂದು ಬೋರ್ಡು, ಅದರ ತುಂಬ ಪುಟ್ಟ ಪುಟ್ಟ ದೀಪ, ಒಂದೊಂದು ವಾರ್ಡಿಗೆ ಒಂದೊಂದು. ವಾರ್ಡಿನವರು ಫೋನಿನಲ್ಲಿದ್ದರೆ ದೀಪ ಕೆಂಪಗಿರುತ್ತದೆ, ಇಟ್ಟರೆ ಆರುತ್ತದೆ. ಆರುವವರೆಗೆ ಹೊರಗಿನವರಿಗೆ ಹೋಲ್ಡ್ ಆನ್ ಹೇಳಬೇಕು.

ಅಷ್ಟೇ ತಾನೆ ಅಂದುಕೊಂಡಿದ್ದೆ. ದೊಡ್ಡಮ್ಮ ತಲೆಯ ಮೇಲೆ ಮೆಲ್ಲಗೆ ಮೊಟಕಿದರು. “ಹೋಲ್ಡ್ ಆನ್ ಅಂತ ಹೇಳಿ ಹೋಗ್ಬಿಡೋದಲ್ಲ ತಾಯಿ. ಅದು ಮಗೂನ ಬಸ್ ಸ್ಟ್ಯಾಂಡಲ್ಲಿ ಕೂರ್ಸಿ ನೀರು ತರೋಕೆ ಹೋದ ಹಾಗೆ. ನಿಮಿಷಕ್ಕೊಂದ್ ಸಲ ತಿರುಗಿ ಮುಖ ತೋರಿಸ್ಬೇಕು. ಇಲ್ದಿದ್ರೆ ಮಗು ಎದ್ದು ಯಾವ್ದೋ ಬಸ್ಸು ಹತ್ಬಿಡತ್ತೆ.” ಹಾಗಾಗಿ ನಮ್ಮಲ್ಲಿ ಅದೇ ಪದ್ಧತಿ. ನಿಮಿಷಕ್ಕೊಮ್ಮೆ ಸ್ವಿಚ್ಚು ಒತ್ತಿ, “ಇದ್ದೀರಾ?” ಅನ್ನಬೇಕು. ಅವರು “ಇದೀನಿ” ಅನ್ನಬೇಕು. ಇನ್ನೊಂದು ಆಸ್ಪತ್ರೆಯಲ್ಲಿ ಹೀಗಿತ್ತೋ ಇಲ್ಲವೋ, ನಮ್ಮ ಮೆಟ್ಟಿಲ ಕೆಳಗೆ ಇದೇ ಕಾನೂನು.

ಆ ಎರಡು ಪದ ಎಷ್ಟು ವೇಷ ಹಾಕುತ್ತವೆ ಎಂದು ಆಮೇಲೆ ನೋಡಿದೆ. ದೊಡ್ಡ ಡಾಕ್ಟರರ ಬಾಯಲ್ಲಿ ಹೋಲ್ಡ್ ಆನ್ ಅಂದರೆ ಬಾಯಿ ಮುಚ್ಚು ಎಂದರ್ಥ. ಬ್ಯಾಂಕಿನವರ ಬಾಯಲ್ಲಿ, ನಾಳೆ ಬಾ. ನಮ್ಮ ಔಷಧದ ಅಂಗಡಿಯವನು ಎದುರಿಗೇ ನಿಂತ ಗಿರಾಕಿಗೂ ಹೋಲ್ಡ್ ಆನ್ ಅನ್ನುತ್ತಿದ್ದ. ನನ್ನ ತಂಗಿ ಮಕ್ಕಳು ಜುಟ್ಟು ಹಿಡಿದು ಜಗಳವಾಡುವಾಗ ಅವಳು ಅಡುಗೆಮನೆಯಿಂದ “ಹೋಲ್ಡಾನ್! ಹೋಲ್ಡಾನ್!” ಎಂದು ಕೂಗುತ್ತಿದ್ದಳು, ಅವು ಮಾತು ಕೇಳುವ ಮಕ್ಕಳು, ಜುಟ್ಟನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿಯುತ್ತಿದ್ದವು. ಒಮ್ಮೆ ಒಬ್ಬ ಮುದುಕಿಗೆ ಹೋಲ್ಡ್ ಮಾಡಿ ಅಜ್ಜಿ ಅಂದೆ. “ಮಾಡ್ತೀನಮ್ಮ, ಈಗ್ಲೇ ಮಾಡ್ಲಾ, ಊಟ ಆದ್ಮೇಲೆ ಮಾಡ್ಲಾ?” ಎಂದು ಕೇಳಿದಳು ಪುಣ್ಯಾತ್ಗಿತ್ತಿ.

ನೀವು ಮೊದಲ ಸಲ ಫೋನ್ ಮಾಡಿದಾಗ ಹನ್ನೊಂದನೇ ವಾರ್ಡಿನ ದೀಪ ಕೆಂಪಗಿತ್ತು. ಹೋಲ್ಡ್ ಆನ್ ಅಂದೆ. ನಿಮಿಷ ಬಿಟ್ಟು, ಇದ್ದೀರಾ ಅಂದೆ. “ಇಲ್ದೆ ಎಲ್ಲಿಗ್ ಹೋಗ್ಲಿ ಮೇಡಮ್? ಕುರ್ಚೀಲಿ ಒಬ್ರು ಅರ್ಧ ಗಡ್ಡ ಇಟ್ಕೊಂಡು ಕೂತಿದಾರೆ, ಅವರನ್ ಬಿಟ್ಟು ಓಡಿಹೋಗೋಕಾಗತ್ತಾ?” ಅಂದಿರಿ. ಹಿಂದಿನಿಂದ ಯಾರೋ, “ರೀ, ಸೋಪು ಒಣಗ್ತಾ ಇದೆ!” ಅಂದರು. ಕಿವಿಗೆ ಸಿಕ್ಕಿಸಿದ್ದನ್ನು ತೆಗೆದಿಟ್ಟು ನಾನು ಬಾಯಿ ಮುಚ್ಚಿಕೊಂಡು ನಕ್ಕೆ.

ಹೀಗೆ ಹೋಲ್ಡಿನ ನಡುವಿನ ಚೂರುಪಾರು ಮಾತಿನಲ್ಲೇ ನಿಮ್ಮ ಮನೆಯ ಕತೆಯೆಲ್ಲ ತಿಳಿಯಿತು. ಬಸ್ ಡಿಪೋದ ಹಿಂದಿನ ಗೇಟಿನ ಹತ್ತಿರ ಎರಡು ಕುರ್ಚಿಯ ಕಟಿಂಗ್ ಶಾಪ್. ಬಲಗಡೆಯದು ಅಣ್ಣನ ಕುರ್ಚಿ, ಎಡಗಡೆಯದು ನಿಮ್ಮದು. ಇಬ್ಬರಿಗೂ ಮದುವೆಯಿಲ್ಲ. “ಮೊದ್ಲು ಅಣ್ಣಂಗಾಗ್ಲಿ ಅಂತ ನಾನು ಕಾದೆ, ಮೊದ್ಲು ತಮ್ಮಂಗಾಗ್ಲಿ ಅಂತ ಅವನು ಕಾದ. ಹೆಣ್ಣುಗಳು ಕಾಯ್ಲಿಲ್ಲ.” ಅಣ್ಣನಿಗೆ ಶ್ವಾಸಕೋಶದಲ್ಲಿ ನೀರು. ನೋಡಲು ಬರಬೇಕೆಂದರೆ ಎರಡು ಬಸ್ಸು ಬದಲಿಸಿ ಒಂದು ಗಂಟೆಗೂ ಮೇಲೆ ಪ್ರಯಾಣ, ಅದಕ್ಕೆ ವಾರದ ರಜಾದಿನ ಮಾತ್ರ ಬರುತ್ತಿದ್ದಿರಿ. ಮಿಕ್ಕ ದಿನ ಬಾಗಿಲು ಹಾಕಕೂಡದು ಎಂದು ಅಣ್ಣನ ಅಪ್ಪಣೆ. “ಗಿರಾಕಿ ಒಂದ್ ದಿನ ಬೀಗ ನೋಡಿದ್ರೆ ಸಾಕು, ಮಾರನೇ ದಿನ ಇನ್ನೊಬ್ಬನ ಕುರ್ಚೀಲಿ ಕೂತಿರ್ತಾನೆ” ಅಂದಿದ್ದರಂತೆ. ರಜಾದಿನ ಬಂದಾಗ ನೀವು ಕ್ಷೌರದ ಪೆಟ್ಟಿಗೆ ತಂದು ಹಾಸಿಗೆಯ ಮೇಲೇ ಅವರ ಗಡ್ಡ ಮಾಡುತ್ತಿದ್ದಿರಿ. ನೀವು ಹದಿನಾಲ್ಕು ವರ್ಷದ ಹುಡುಗನಾಗಿದ್ದಾಗಿನಿಂದ ಅವರ ಮುಖಕ್ಕೆ ಬೇರೆಯವರ ಕತ್ತಿ ತಾಗಿಲ್ಲ, ನಿಮ್ಮ ಮುಖಕ್ಕೆ ಅವರದಲ್ಲದೆ ಇನ್ನೊಬ್ಬರದು ತಾಗಿಲ್ಲ ಎಂದು ಹೇಳಿದ್ದಿರಿ. ಆ ಎರಡು ತಿಂಗಳು ನೀವು ಗಡ್ಡ ಬಿಟ್ಟಿದ್ದಿರಿ. ಅಣ್ಣ ವಾಪಸ್ ಬಂದು ತೆಗೆಯಲಿ ಎಂದು.

ಎರಡನೇ ವಾರವಿರಬೇಕು. ಇದ್ದೀರಾ ಅಂದದ್ದಕ್ಕೆ ನೀವು, “ಇದೀನಿ. ನಿಮ್ ಊಟ ಆಯ್ತಾ ಮೇಡಮ್?” ಅಂದಿರಿ.

ನಿಮಗೆ ಅದು ನೆನಪಿರಲಾರದು. ಎಲ್ಲರೂ ಎಲ್ಲರಿಗೂ ಕೇಳುವ ಮಾತು. ಆದರೆ ದಿನಕ್ಕೆ ನಾನೂರು ಜನ ನನ್ನ ಕಿವಿಯೊಳಗೆ ಬಂದು ಹೋಗುತ್ತಿದ್ದರು. ಒಬ್ಬರೂ ನನ್ನೊಂದಿಗೆ ಮಾತಾಡಲು ಬಂದವರಲ್ಲ. ನಾನು ಬಾಗಿಲು. ಊಟ ಆಯ್ತಾ ಎಂದು ಬಾಗಿಲನ್ನು ಯಾರು ಕೇಳುತ್ತಾರೆ? ಸಂಜೆ ನನ್ನ ಬಾಡಿಗೆ ಕೋಣೆಗೆ ಹೋದರೆ ಕೆಳಗೆ ಇಸ್ತ್ರಿ ಅಂಗಡಿ, ಮೇಲೆ ನಾನು, ಒಂದು ಮಂಚ, ಒಂದು ಒಲೆ. ಬೀಗ ತೆಗೆಯುವಾಗ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸವಿತ್ತು ನನಗೆ, ಒಳಗೆ ಯಾರೋ ಇದ್ದಾರೆ ಎಂಬಂತೆ. ನೀವು ಕೇಳಿದಾಗ ಊಟ ಆಗಿರಲಿಲ್ಲ. ಆಯಿತು ಅಂದೆ. ಏನಡುಗೆ ಎಂದು ಕೇಳಿದಿರಿ. ಅಷ್ಟರಲ್ಲಿ ದೀಪ ಆರಿತು, ಲೈನು ಕೊಟ್ಟುಬಿಟ್ಟೆ. ಮಾರನೇ ದಿನದಿಂದ ನಾನು ಮೂರು ಗಂಟೆಗೆ ಮೊದಲೇ ಉಣ್ಣತೊಡಗಿದೆ, ಕೇಳಿದರೆ ನಿಜ ಹೇಳಬಹುದಲ್ಲ ಎಂದು. ಸತ್ಯ ಹೇಳಬೇಕೆಂದರೆ, ಹನ್ನೊಂದನೇ ವಾರ್ಡಿನ ದೀಪ ಮೂರಕ್ಕೆ ಕೆಂಪಗಿರಲಿ ಎಂದು ಬಯಸುತ್ತಿದ್ದೆ.

ಈಗ ಆ ದಿನಕ್ಕೆ ಬರುತ್ತೇನೆ.

ಮೂರಕ್ಕೆ ಹತ್ತು ನಿಮಿಷವಿದ್ದಾಗ ಹನ್ನೊಂದನೇ ವಾರ್ಡಿನ ಹೆಡ್ ನರ್ಸು ನನಗೆ ಫೋನ್ ಮಾಡಿದರು. “ಆ ಕಟಿಂಗ್ ಶಾಪಿನವರು ಹೋಗ್ಬಿಟ್ರು. ಅವರ ತಮ್ಮ ಮೂರಕ್ಕೆ ಫೋನ್ ಮಾಡ್ತಾರಲ್ಲ, ನೇರ ನಂಗೆ ಕೊಡು. ನೀನೇನೂ ಬಾಯಿ ಬಿಡ್ಬೇಡ.” ಅದು ಸರಿಯಾದ ನಿಯಮ. ಸಾವಿನ ಸುದ್ದಿಯನ್ನು ಆಪರೇಟರ್ ಹೇಳಕೂಡದು. ಕಣ್ಣಾರೆ ಕಂಡವರು ಹೇಳಬೇಕು.

ಮೂರಕ್ಕೆ ನೀವು ಲೈನಿಗೆ ಬಂದಿರಿ. ದೀಪ ಕೆಂಪಗಿತ್ತು, ಹೆಡ್ ನರ್ಸು ಡಾಕ್ಟರರ ಹತ್ತಿರ ಮಾತಾಡುತ್ತಿದ್ದರು. ಹೋಲ್ಡ್ ಆನ್ ಅಂದೆ. ಅಲ್ಲಿಯವರೆಗೆ ನನ್ನ ತಪ್ಪಿಲ್ಲ. ಆವತ್ತು ನಿಮ್ಮ ದನಿಯಲ್ಲಿ ಕುಣಿತವಿತ್ತು. ಅಣ್ಣನ ಕುರ್ಚಿಗೆ ಹೊಸ ರೆಕ್ಸಿನ್ ಹಾಕಿಸಿದ್ದೀರಂತೆ, ಕಂದು ಬಣ್ಣ. “ಅಣ್ಣಂಗೆ ಹೇಳ್ಬೇಡಿ ಮೇಡಮ್, ಬಂದು ಕೂತಾಗ ಬಯ್ಲಿ. ಅವನು ಬಯ್ಯೋದು ಕೇಳಿ ಎರಡು ತಿಂಗಳಾಯ್ತು, ಕಿವಿ ತುಕ್ಕು ಹಿಡಿದಿದೆ.” ಮೂರು ಹತ್ತಕ್ಕೆ ದೀಪ ಆರಿತು.

ನಾನು ಅದನ್ನು ನೋಡಿದೆ. ಬೆರಳು ಸ್ವಿಚ್ಚಿನ ಮೇಲೇ ಇತ್ತು. ನೀವು ಕೇಳಿದಿರಿ, “ಇನ್ನೂ ಬಿಜಿನಾ?” ನಾನು, “ಹ್ಞೂಂ, ಇನ್ನೂ ಬಿಜಿ ಇದೆ. ಹೋಲ್ಡ್ ಆನ್ ಮಾಡಿ” ಅಂದೆ.

ಆ ಮೇಲೆ ಮೂರು ಮೂವತ್ತಾರರವರೆಗೆ ನಿಮ್ಮನ್ನು ಬಿಡಲಿಲ್ಲ. ಮಿಕ್ಕ ಲೈನುಗಳನ್ನೆಲ್ಲ ದೊಡ್ಡಮ್ಮನ ಕಡೆ ತಳ್ಳಿದೆ. ರೆಕ್ಸಿನ್ ಯಾವ ಅಂಗಡಿಯದು ಎಂದು ಕೇಳಿದೆ. ಅಣ್ಣ ನಿಮಗೆ ಕತ್ತರಿ ಹಿಡಿಯಲು ಹೇಗೆ ಕಲಿಸಿದರು ಎಂದು ಕೇಳಿದೆ. ತೆಂಗಿನ ನಾರಿನ ಕುಂಚವನ್ನು ಬಾಚಣಿಗೆಯಲ್ಲಿ ಹಿಡಿದು ಕತ್ತರಿಸುತ್ತ ಕಲಿತದ್ದು, ಮೊದಲ ಗಿರಾಕಿಯ ಕಿವಿ ಚುಚ್ಚಿದ್ದು, ಆತ ಎದ್ದು ಅಣ್ಣನಿಗೆ, “ನಿಮ್ ತಮ್ಮ ನಂಗೆ ಓಲೆ ಹಾಕ್ತಾನಾ?” ಎಂದು ಗದರಿದ್ದು, ಎಲ್ಲ ಹೇಳಿದಿರಿ. ನಿಮ್ಮ ಜೊತೆ ನಾನೂ ನಕ್ಕೆ. ದೊಡ್ಡಮ್ಮ ಕನ್ನಡಕದ ಮೇಲಿಂದ ನನ್ನನ್ನೇ ನೋಡುತ್ತಿದ್ದರು. ಕಡೆಗೆ ಅವರೇ ಕೈ ಚಾಚಿ ನನ್ನ ಸ್ವಿಚ್ಚು ಒತ್ತಿ ನಿಮ್ಮನ್ನು ವಾರ್ಡಿಗೆ ಕೊಟ್ಟರು. ನಾನು ಕೊಟ್ಟದ್ದಲ್ಲ.

ಮೊದಮೊದಲು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಮ್ಮಜ್ಜಿಯ ಒಂದು ಕತೆಯಿದೆ. ಗಂಡನನ್ನು ಒಯ್ಯಲು ಬಂದ ಸಾವನ್ನು ಒಬ್ಬ ಮುದುಕಿ ಹೊಸ್ತಿಲಲ್ಲೇ ಕೂರಿಸಿ ಕತೆ ಹೇಳಲು ಶುರು ಮಾಡುತ್ತಾಳೆ. ಕತೆಯೊಳಗೊಂದು ಕತೆ, ಅದರ ಹೊಟ್ಟೆಯೊಳಗೊಂದು ಮರಿಕತೆ. ಸಾವು ಹ್ಞೂಂಗುಡುತ್ತ ಹ್ಞೂಂಗುಡುತ್ತ ಬಂದ ಕೆಲಸ ಮರೆತು ಹೋಗುತ್ತದೆ. ನಾನೂ ಅಂಥದ್ದೇ ಪುಣ್ಯದ ಕೆಲಸ ಮಾಡಿದೆ, ಆ ಮನುಷ್ಯನಿಗೆ ಅರ್ಧ ಗಂಟೆ ಅಣ್ಣ ಬದುಕಿದ್ದ ಅಂದುಕೊಂಡೆ. ಆದರೆ ಮುದುಕಿ ಹೊರಗೆ ಕೂರಿಸಿದ್ದು ಸಾವನ್ನು. ನಾನು ಕೂರಿಸಿದ್ದು ನಿಮ್ಮನ್ನು.

ಯಾಕೆ ಹಾಗೆ ಮಾಡಿದೆ ಎಂದು ಹದಿನಾರು ವರ್ಷ ಯೋಚಿಸಿದ್ದೇನೆ. ಕರುಣೆ ಇತ್ತು, ಇಲ್ಲವೆನ್ನಲಾರೆ. ಅದರ ಅಡಿಯಲ್ಲಿ ಇನ್ನೊಂದಿತ್ತು. ಆ ಲೈನು ಕೊಟ್ಟೆನೆಂದರೆ ಮಾರನೇ ದಿನ ಮೂರು ಗಂಟೆಗೆ ನೀವು ಫೋನ್ ಮಾಡುವುದಿಲ್ಲ. ಅದರ ಮಾರನೇ ದಿನವೂ ಇಲ್ಲ. ಆ ಯೋಚನೆ ಬಂದದ್ದು ಸರಿಯಾಗಿ ಮೂರು ಹತ್ತಕ್ಕೆ, ದೀಪ ಆರಿದಾಗ. ನಿಮ್ಮಣ್ಣ ತೀರಿಹೋಗಿದ್ದರು, ನಾನು ನನ್ನ ಮೂರು ಗಂಟೆಯ ಬಗ್ಗೆ ಯೋಚಿಸುತ್ತಿದ್ದೆ.

ಐದಕ್ಕೆ ಹತ್ತು ನಿಮಿಷವಿರುವಾಗ ನನ್ನ ಪಾಳಿ ಮುಗಿಯಿತು. ಕೋಣೆಗೆ ಹೋಗದೆ, ಕಾಲು ತಾನಾಗಿಯೇ ಹಿಂದಿನ ಕಟ್ಟಡದ ಕಡೆ ನಡೆಯಿತು. ಹೋದವರನ್ನು ಅಲ್ಲಿನ ತಣ್ಣನೆ ಕೋಣೆಯಲ್ಲಿ ಇಡುತ್ತಾರೆ. ನಾಲ್ಕೂವರೆಗೆ ಬಾಗಿಲು ಹಾಕುತ್ತಾರೆ. ಕೌಂಟರಿನ ಮುಂದೆ ಗಡ್ಡ ಬೆಳೆಸಿದ ಒಬ್ಬರು ಪುಟ್ಟ ತಗಡಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ನಿಂತಿದ್ದರು. ದನಿ ಕೇಳಿದೊಡನೆ ತಿಳಿಯಿತು. “ಹತ್ತೇ ನಿಮಿಷ ಬಿಡಿ ಸಾರ್. ಅಣ್ಣನ ಗಡ್ಡ ಮಾಡ್ಬೇಕು. ನಾಳೆ ನಂಗೆ ರಜಾ, ನಾಳೆ ಬಂದು ಮಾಡೋದಿತ್ತು. ನೀರು ನಾನೇ ತಂದಿದೀನಿ.” ಕೌಂಟರಿನಾತ ಕೆಟ್ಟವನಲ್ಲ. “ಇಪ್ಪತ್ತು ನಿಮಿಷ ಮುಂಚೆ ಬಂದಿದ್ರೆ ಬಿಡ್ತಿದ್ದೆ ಯಜಮಾನ್ರೇ. ಕೀಲಿ ಆಫೀಸಿಗೆ ಹೋಗಿಬಿಡ್ತು. ಬೆಳಿಗ್ಗೆ ಬನ್ನಿ” ಅಂದ.

ಇಪ್ಪತ್ತು ನಿಮಿಷ ಅಂದ. ನಾನು ನಿಮ್ಮ ಬೆನ್ನ ಹಿಂದೆ ಮೂರು ಹೆಜ್ಜೆ ದೂರದಲ್ಲಿದ್ದೆ.

ನೀವು ತಿರುಗಿ, “ಟೈಮ್ ಎಷ್ಟಮ್ಮ ಈಗ?” ಎಂದು ನನ್ನನ್ನೇ ಕೇಳಿದಿರಿ. ಬಾಯಿ ತೆರೆದರೆ ನೀವು ಗುರುತು ಹಿಡಿಯುತ್ತೀರಿ. ನಾನು ಮಾತಾಡದೆ ಕೈ ಮುಂದೆ ಚಾಚಿ ಗಡಿಯಾರ ತೋರಿಸಿದೆ. ಈಕೆ ಮೂಗಿಯಿರಬೇಕು ಅಂದುಕೊಂಡಿರೇನೋ, ನನ್ನ ಕಡೆ ತಲೆಯಾಡಿಸಿ ಹೋದಿರಿ. ಮಾರನೇ ದಿನ ವಿಚಾರಿಸಿದೆ. ಬೆಳಿಗ್ಗೆ ನೀವು ಬರುವ ಹೊತ್ತಿಗೆ ಮುಖವೂ ಮುಚ್ಚುವಂತೆ ಬಟ್ಟೆ ಸುತ್ತಿ ಹೊಲಿದಾಗಿತ್ತಂತೆ. ವ್ಯಾನಿನವನು ಹಾರನ್ ಹೊಡೆಯುತ್ತಿದ್ದನಂತೆ. ಪೆಟ್ಟಿಗೆ ಬಿಚ್ಚದೆಯೇ ಹೋದಿರಂತೆ.

ಇಷ್ಟೇ ಆಗಿದ್ದರೆ ಬಹುಶಃ ನನ್ನ ಪಾಡಿಗೆ ನಾನು ನುಂಗಿಕೊಂಡು ಇದ್ದುಬಿಡುತ್ತಿದ್ದೆ. ಎಂಟು ದಿನ ಬಿಟ್ಟು ನೀವು ಫೋನ್ ಮಾಡಿದಿರಿ. ಮೂರು ಗಂಟೆಗೆ. “ವಾರ್ಡಿಗೆ ಕೊಡ್ಬೇಡಿ ಮೇಡಮ್. ನಿಮ್ಮ ಹತ್ರಾನೇ ಮಾತಾಡೋಣ ಅಂತ ಮಾಡ್ದೆ” ಅಂದಿರಿ. ನನ್ನೊಂದಿಗೆ ಮಾತಾಡಲೆಂದೇ ಆ ಬೋರ್ಡಿಗೆ ಬಂದ ಮೊದಲ ಫೋನು ಅದು. “ಆವತ್ತು ಲೈನ್ ಸಿಗೋವರೆಗೂ ಅಷ್ಟು ಹೊತ್ತು ನನ್ ಜೊತೆ ನಗ್ತಾ ಇದ್ರಲ್ಲ. ನಿಮಗೇನೂ ಗೊತ್ತಿರ್ಲಿಲ್ಲ ಪಾಪ. ಆದ್ರೂ ಅಣ್ಣನ ಬಗ್ಗೆ ನಾನು ಕಡೇ ಸಲ ನಕ್ಕಿದ್ದು ನಿಮ್ ಜೊತೆ. ಥ್ಯಾಂಕ್ಸ್ ಹೇಳೋಣ ಅಂತ.”

ನಾನು, “ಪರವಾಗಿಲ್ಲ” ಅಂದೆ.

ನಿಮಗೇನೂ ಗೊತ್ತಿರಲಿಲ್ಲ ಪಾಪ ಎಂದು ನೀವು ಹೇಳಿದಾಗ, ಗೊತ್ತಿತ್ತು ಎಂಬ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನೇನಾದರೂ ಹೇಳುತ್ತೇನೆ, ಕೇಳುತ್ತೇನೆ ಎಂದು ಕಾದಿರೋ ಏನೋ. ಆ ಮೇಲೆ, “ಸರಿ, ಇಡ್ತೀನಿ. ಟೈಮಿಗೆ ಸರಿಯಾಗಿ ಊಟ ಮಾಡಿ” ಅಂದು ಇಟ್ಟಿರಿ. ಮತ್ತೆ ಮಾಡಲಿಲ್ಲ. ಮಾಡಲಿ ಎಂದು ಎಷ್ಟು ವರ್ಷ ಮೂರು ಗಂಟೆಗೆ ಕೂತಿದ್ದೆ ಎಂದು ಹೇಳಿದರೆ ನಾಚಿಕೆಗೇಡು. ದೊಡ್ಡಮ್ಮ ಒಂದು ದಿನ ಹೇಳಿದರು: “ಆ ದೀಪ ಆರಿದ್ದು ನಾನೂ ನೋಡ್ದೆ ಕಣಮ್ಮ. ನಿನ್ನ ಬಯ್ಯೋಕೆ ಬಾಯಿ ಬರ್ಲಿಲ್ಲ. ಬೈಬೇಕಾದವ್ರು ಬೇರೆ ಇದಾರೆ.” ಅವರು ಈಗಿಲ್ಲ.

ಕಳೆದ ತಿಂಗಳು ನಾನು ನಿವೃತ್ತಳಾದೆ. ನನ್ನ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಮುದ್ರಿಸಿಟ್ಟ ಒಂದು ದನಿ ಈಗ ಎಲ್ಲರಿಗೂ ಹೋಲ್ಡ್ ಆನ್ ಹೇಳುತ್ತದೆ, ಹೇಳಿ ಸಂಗೀತ ಹಾಕುತ್ತದೆ. ಇದ್ದೀರಾ ಎಂದು ಕೇಳುವುದಿಲ್ಲ. ಮೊದಲ ವಾರ ಮಲಗಿದೆ. ಎರಡನೇ ವಾರ ಡಿಪೋದ ಹಿಂದಿನ ಗೇಟು ಹುಡುಕಿಕೊಂಡು ಬಂದೆ. ಅಂಗಡಿ ಇದೆಯೋ ಇಲ್ಲವೋ ಎಂಬ ಅನುಮಾನವಿತ್ತು, ಇತ್ತು. ರಸ್ತೆಯ ಈಚೆ ನಿಂತು ಗಾಜಿನೊಳಗೆ ನೋಡಿದೆ. ನೀವೊಬ್ಬರೇ. ಒಬ್ಬ ಗಿರಾಕಿಯನ್ನು ಎಡಗಡೆ ಕುರ್ಚಿಯಲ್ಲಿ ಕೂರಿಸಿದರೆ ಮುಂದಿನವನನ್ನು ಬಲಗಡೆಯದರಲ್ಲಿ ಕೂರಿಸುತ್ತೀರಿ, ಮತ್ತೆ ಎಡಕ್ಕೆ. ಎರಡೂ ಒಂದೇ ಸಮ ಸವೆಯಲಿ ಎಂಬಂತೆ. ಗಡ್ಡ ಬೆಳ್ಳಗಾಗಿದೆ, ಎದೆಯವರೆಗಿದೆ. ಇನ್ನೂ ತೆಗೆಸಿಲ್ಲ. ಆವತ್ತು ಒಳಗೆ ಬರಲಾಗಲಿಲ್ಲ.

ಕ್ಷಮಿಸಿ ಎಂದು ಕೇಳಲು ಬರೆದದ್ದಲ್ಲ ಇದು. ಕ್ಷಮಿಸಿದರೆ ನನಗೆ ಹಗುರ, ನಿಮಗೇನು? ನಿಮ್ಮಣ್ಣನ ಮುಖ ನಿಮ್ಮ ಕೈಗೆ ಸಿಗದೆ ಹೋದದ್ದು ಬಸ್ಸಿನಿಂದ ಅಂದುಕೊಂಡಿರಬಹುದು, ನಿಮ್ಮ ನಿಧಾನದಿಂದ ಅಂದುಕೊಂಡಿರಬಹುದು. ಬೀಗ ಹಾಕಲು ತಡವಾಯಿತೇ, ಎರಡನೇ ಬಸ್ಸಿಗೆ ಓಡಬೇಕಿತ್ತೇ ಎಂದು ನಿಮ್ಮನ್ನೇ ನೀವು ಬಯ್ದುಕೊಂಡಿರಬಹುದು. ಅದು ನಿಮ್ಮಿಂದ ಆದದ್ದಲ್ಲ. ಬಸ್ಸಿನಿಂದಲೂ ಅಲ್ಲ. ನನ್ನಿಂದ. ಇಷ್ಟು ನಿಮಗೆ ಗೊತ್ತಿರಬೇಕು.

ಅಂಚೆಗೆ ಹಾಕಿದರೆ ನೀವು ಒಬ್ಬರೇ ಓದಬೇಕಾಗುತ್ತದೆ. ಅದಕ್ಕೇ ನಾನೇ ತಂದು ಕೈಗೆ ಕೊಟ್ಟೆ. ಈಗ ಸ್ವಲ್ಪ ಹೊತ್ತಿನ ಹಿಂದೆ ಒಂದು ಮಾತೂ ಆಡದೆ ನಿಮ್ಮ ಕೈಗೆ ಲಕೋಟೆ ಇಟ್ಟ ಹಸಿರು ಶಾಲಿನ ಹೆಂಗಸು ನಾನೇ. ಗಂಡಸರ ಕಟಿಂಗ್ ಶಾಪಿನಲ್ಲಿ ಈ ವಯಸ್ಸಿನ ಹೆಂಗಸು ಯಾಕೆ ಬಂದಳೆಂದು ನೀವು ಅಂದುಕೊಂಡಿದ್ದರೆ ತಪ್ಪೇನಿಲ್ಲ. ಗಿರಾಕಿಗಳು ಕಾಯುವ ಬೆಂಚಿನ ತುದಿಯಲ್ಲಿ ಕೂತಿದ್ದೇನೆ. ಎದ್ದು ಹೋಗು ಅಂದರೆ ಹೋಗುತ್ತೇನೆ. ಬಯ್ಯುವುದಿದ್ದರೆ ಎಷ್ಟು ಹೊತ್ತಾದರೂ ಬಯ್ಯಿರಿ, ಕೇಳುತ್ತೇನೆ. ಏನಾದರೂ ಕೇಳಿದರೆ ಈ ಸಲ ಬಾಯಿಬಿಟ್ಟು ಉತ್ತರ ಹೇಳುತ್ತೇನೆ.

ನಿಮ್ಮ ಕೈ ಎಂದೂ ನಡುಗದಿರಲಿ. ನಿಮ್ಮ ಅಂಗಡಿಯ ಬಾಗಿಲು ಬಹುಕಾಲ ತೆರೆದಿರಲಿ.

ಓದಿ ಆಯಿತಲ್ಲ. ತಲೆಯೆತ್ತಿ.

ಇಂತಿ,
ನಿಮ್ಮ ಎದುರು ಕೂತಿರುವ ಆಪರೇಟರ್